ತದಡಿಯಿಂದ ಇಸ್ತಾಂಬುಲಿಗೆ: ಟಿಪ್ಪು ಸುಲ್ತಾನರ ರಾಯಭಾರಿಗಳು ಹೊತ್ತೊಯ್ದ ಗುರಿಗಳು

ಪಾಠ ಮುಗಿದು ಮಕ್ಕಳು ಪುಸ್ತಕ ಮಡಚುತ್ತಿದ್ದ ಹೊತ್ತಿನಲ್ಲಿ ಮದ್ರಸದ ಹುಡುಗನೊಬ್ಬ ಎದ್ದು ನಿಂತ. “ಉಸ್ತಾದ್, ಇಂಗ್ಲಿಷರು ಶ್ರೀರಂಗಪಟ್ಟಣದ ಮೇಲೆ ಬಂದಾಗ ತುರ್ಕಿಯ ಖಲೀಫರು ಯಾಕೆ ಸೈನ್ಯ ಕಳಿಸಲಿಲ್ಲ? ಟಿಪ್ಪು ಸುಲ್ತಾನರು ಅವರಲ್ಲಿ ಸಹಾಯ ಕೇಳಿರಲಿಲ್ಲವೇ?” ಎಂದು ಕೇಳಿದ. “ಕೇಳಿದ್ದರು ಮಗನೇ, ಆದರೆ ತುರ್ಕಿ ಬಹಳ ದೂರ” ಎಂದಷ್ಟೇ ಹೇಳಿ ನಾನು ಅವನನ್ನು ಕೂರಿಸಿದೆ. ಹೇಳಿದ ಮಾತು ಸುಳ್ಳಲ್ಲ. ಆದರೆ ಅದು ಪೂರ್ತಿ ಉತ್ತರವೂ ಅಲ್ಲವೆಂಬುದು ಮನೆಗೆ ಬರುವ ದಾರಿಯುದ್ದಕ್ಕೂ ನನ್ನನ್ನು ಚುಚ್ಚುತ್ತಲೇ ಇತ್ತು. ಮಕ್ಕಳ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟ ಶಿಕ್ಷಕ ಸಾಲಗಾರನಿದ್ದಂತೆ. ಈ ಲೇಖನ ಆ ಸಾಲದ ತೀರಿಕೆ.

ಟಿಪ್ಪು ಸುಲ್ತಾನರು ಉಸ್ಮಾನಿಯಾ ಸಲ್ತನತ್ತಿಗೆ ರಾಯಭಾರಿಗಳನ್ನು ಕಳುಹಿಸಿದ ಸಂಗತಿ ನಮ್ಮ ಮನೆಗಳಲ್ಲಿ ಹೆಮ್ಮೆಯಿಂದ ಹೇಳಲ್ಪಡುತ್ತದೆ. ಆದರೆ ಆ ರಾಯಭಾರಿಗಳು ಏನನ್ನು ಕೇಳಲು ಹೋದರು, ಅವರಿಗೆ ವಹಿಸಲಾಗಿದ್ದ ಗುರಿಗಳು ಯಾವುವು, ಅವುಗಳಲ್ಲಿ ಯಾವುದು ಕೈಗೂಡಿತು, ಯಾವುದು ಕೈತಪ್ಪಿತು, ಏಕೆ ಕೈತಪ್ಪಿತು ಎಂಬುದನ್ನು ನಾವು ವಿಚಾರಿಸುವುದು ಕಡಿಮೆ. ಹೆಮ್ಮೆ ಪಡುವುದು ಸುಲಭ, ಪಾಠ ಕಲಿಯುವುದು ಕಷ್ಟ. ಚರಿತ್ರೆಯಾದರೋ ಎರಡನೆಯದನ್ನೇ ನಮ್ಮಿಂದ ಬಯಸುತ್ತದೆ.

1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಸಹಿಯಾದ ಒಪ್ಪಂದದೊಂದಿಗೆ ಎರಡನೆಯ ಮೈಸೂರು ಯುದ್ಧ ಕೊನೆಗೊಂಡಿತು. ಯುದ್ಧದ ನಡುವೆಯೇ, 1782ರ ಡಿಸೆಂಬರಿನಲ್ಲಿ, ತಂದೆ ಹೈದರಲಿಯವರು ತೀರಿಕೊಂಡಿದ್ದರು. ಒಪ್ಪಂದದ ಷರತ್ತುಗಳು ಮೈಸೂರಿಗೆ ಅವಮಾನಕರವಾಗಿರಲಿಲ್ಲ. ಇಂಗ್ಲಿಷ್ ಕಂಪೆನಿಯ ದೂತರೇ ಸುಲ್ತಾನರ ಶಿಬಿರಕ್ಕೆ ಬಂದು ಸಂಧಿ ಮಾಡಿಕೊಂಡಿದ್ದರು. ಆದರೂ ಅದು ಶಾಂತಿಯಲ್ಲ, ಬಿಡುವು ಮಾತ್ರ ಎಂಬುದನ್ನು ಅರಿಯದಷ್ಟು ಟಿಪ್ಪು ಅಮಾಯಕರಾಗಿರಲಿಲ್ಲ. ಪೂರ್ವದಲ್ಲಿ ಮದರಾಸಿನ ಇಂಗ್ಲಿಷರು, ಉತ್ತರದಲ್ಲಿ ಪುಣೆಯ ಪೇಶ್ವೆಗಳು ಮತ್ತು ಹೈದರಾಬಾದಿನ ನಿಜಾಮರು, ಹೀಗೆ ರಾಜ್ಯವನ್ನು ಮೂರು ಶಕ್ತಿಗಳು ಸುತ್ತುವರಿದಿದ್ದವು. ಮೇಲಾಗಿ ನಿಜಾಮರು ಮತ್ತು ಮರಾಠರ ದೃಷ್ಟಿಯಲ್ಲಿ ಟಿಪ್ಪು ನ್ಯಾಯಸಮ್ಮತ ಅರಸರೇ ಅಲ್ಲ. ಒಬ್ಬ ಸೇನಾನಿಯ ಮಗ. ದೆಹಲಿಯ ಬಾದಶಹ ಎರಡನೆಯ ಶಾಹ್ ಆಲಮ್ ಹೆಸರಿಗಷ್ಟೇ ಬಾದಶಹರಾಗಿದ್ದರು. ಅಲ್ಲಿನ ಅಧಿಕಾರ ಮಹಾದಜಿ ಸಿಂಧಿಯಾರ ಕೈಯಲ್ಲಿತ್ತು. ತನ್ನ ಆಳ್ವಿಕೆಗೆ ಯಾರೂ ಪ್ರಶ್ನಿಸಲಾಗದ ಮಾನ್ಯತೆಯೊಂದು ಬೇಕು, ಇಂಗ್ಲಿಷರನ್ನು ತಡೆಯಬಲ್ಲ ಮಿತ್ರನೊಬ್ಬ ಬೇಕು ಎಂಬ ಎರಡು ಅಗತ್ಯಗಳು ಸುಲ್ತಾನರ ಕಣ್ಣನ್ನು ಪಶ್ಚಿಮದ ಕಡಲಿನಾಚೆಗೆ ಹೊರಳಿಸಿದವು.

ಅವರು ದುಡುಕಲಿಲ್ಲ. 1784ರಲ್ಲಿ ಮೊದಲು ಉಸ್ಮಾನ್ ಖಾನ್ ಎಂಬವರನ್ನು ಇಸ್ತಾಂಬುಲಿಗೆ ಕಳುಹಿಸಿ, ಅಂತಹ ನಿಯೋಗವೊಂದು ಬಂದರೆ ಅಲ್ಲಿ ಸ್ವಾಗತ ದೊರೆತೀತೇ ಎಂದು ತಿಳಿದುಕೊಂಡರು. ಬಳಿಕ 1785ರ ನವೆಂಬರಿನಲ್ಲಿ ನಾಲ್ವರನ್ನು ರಾಯಭಾರಿಗಳಾಗಿ ನೇಮಿಸಿದರು. ಗುಲಾಮ್ ಅಲಿ ಖಾನ್ ನಿಯೋಗದ ಮುಖ್ಯಸ್ಥರು; ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್ ಮತ್ತು ಜಾಫರ್ ಖಾನ್ ಉಳಿದ ಮೂವರು. ಜೊತೆಗಿದ್ದ ಕಾರ್ಯದರ್ಶಿಗಳಲ್ಲಿ ಒಬ್ಬರಾದ ಖ್ವಾಜಾ ಅಬ್ದುಲ್ ಖಾದಿರ್ ಪ್ರಯಾಣದ ದಿನಚರಿಯನ್ನು ಪಾರಸಿಯಲ್ಲಿ ಬರೆದಿಟ್ಟರು. ಆ ದಿನಚರಿ ಉಳಿದುಬಂದಿರುವುದರಿಂದಲೇ ಇಂದು ನಾವು ಆ ಯಾತ್ರೆಯ ಕಷ್ಟಸುಖಗಳನ್ನು ತಿಳಿಯುವಂತಾಗಿದೆ.

ರಾಯಭಾರಿಗಳಿಗೆ ಸುಲ್ತಾನರು ಕೊಟ್ಟ ಹುಕುಂನಾಮೆಯಲ್ಲಿ ಅವರು ಸಾಧಿಸಬೇಕಾದ ಗುರಿಗಳು ಒಂದೊಂದಾಗಿ ನಿರೂಪಿತವಾಗಿದ್ದವು. ಅವನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಮಾನ್ಯತೆ. ಮೈಸೂರಿನ ಸ್ವತಂತ್ರ ಅರಸರೆಂದು ಉಸ್ಮಾನಿಯಾ ಸುಲ್ತಾನರಿಂದ ಅಂಗೀಕಾರ ಪಡೆಯಬೇಕು. 1774ರಲ್ಲಿ ರಷ್ಯಾದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಉಸ್ಮಾನಿಯಾ ಸುಲ್ತಾನರು ಖಲೀಫರೆಂಬ ನೆಲೆಯಲ್ಲಿ ಕ್ರಿಮಿಯಾದ ಮುಸ್ಲಿಮರ ಮೇಲಿನ ಧಾರ್ಮಿಕ ಅಧಿಕಾರವನ್ನು ಉಳಿಸಿಕೊಂಡಿದ್ದರು. ಆ ಸ್ಥಾನದ ಒಂದು ಪತ್ರ ದೆಹಲಿಯ ಬಿರುದಿಗಿಂತ ತೂಕವುಳ್ಳದ್ದಾದೀತು ಎಂಬುದು ಟಿಪ್ಪು ಅವರ ನಿರೀಕ್ಷೆಯಾಗಿತ್ತು.

ಎರಡನೆಯದು ಸೇನಾ ಮೈತ್ರಿ. ಬಂಗಾಳವನ್ನೂ ಕರ್ನಾಟಿಕ್ ಸೀಮೆಯನ್ನೂ ಇಂಗ್ಲಿಷರು ಹೇಗೆ ನುಂಗಿದರೆಂಬುದನ್ನು ವಿವರಿಸಿ, ಅವರ ವಿರುದ್ಧ ನೆರವು ಪಡೆಯಬೇಕು.

ಮೂರನೆಯದು ವ್ಯಾಪಾರ. ಬಸ್ರಾ ಬಂದರನ್ನು ಮೈಸೂರಿಗೆ ಗುತ್ತಿಗೆಗೆ ಕೊಡಿಸಿಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ ಉಸ್ಮಾನಿಯರಿಗೆ ಮಂಗಳೂರು ಬಂದರಿನಲ್ಲಿ ಸೌಕರ್ಯ ಕೊಡಬೇಕು. ಯುರೋಪಿನವರು ನಮ್ಮ ಕಡಲತೀರದಲ್ಲಿ ಕೋಠಿಗಳನ್ನು ಕಟ್ಟಬಹುದಾದರೆ ನಮ್ಮವರೇಕೆ ಹೊರನಾಡಿನಲ್ಲಿ ಕಟ್ಟಬಾರದು ಎಂಬ ಚಿಂತನೆ ಆ ಕಾಲದ ಭಾರತದ ಅರಸರಲ್ಲಿ ಅಪರೂಪವಾದದ್ದು.

ನಾಲ್ಕನೆಯದು ವಿದ್ಯೆ ಮತ್ತು ಕಸುಬು. ಬಂದೂಕು, ಫಿರಂಗಿ, ಗಡಿಯಾರ, ಗಾಜು ಮುಂತಾದವನ್ನು ತಯಾರಿಸಬಲ್ಲ ಕುಶಲಕರ್ಮಿಗಳನ್ನು ಕರೆತರಬೇಕು. ಇವೆಲ್ಲದರ ಜೊತೆಗೆ ಭಕ್ತಿಯ ಒಂದು ಬಿನ್ನಹವೂ ಇತ್ತು: ನಜಫಿನ ಜನರಿಗೆ ನೀರಿನ ಅನುಕೂಲವಾಗುವಂತೆ ಯೂಫ್ರೆಟಿಸ್ ನದಿಯಿಂದ ಅಲ್ಲಿಗೆ ಕಾಲುವೆ ತೋಡಿಸಲು ಅಪ್ಪಣೆ ಬೇಕು. ಇಸ್ತಾಂಬುಲಿನ ಕೆಲಸ ಮುಗಿದ ಮೇಲೆ ರಾಯಭಾರಿಗಳು ಅಲ್ಲಿಂದಲೇ ಪ್ಯಾರಿಸಿಗೂ ಲಂಡನಿಗೂ ಹೋಗಬೇಕೆಂಬುದು ಮೂಲ ಯೋಜನೆಯಾಗಿತ್ತು.

ಗುರಿಗಳ ಈ ಪಟ್ಟಿಯನ್ನು ಓದುವಾಗ ಅದನ್ನು ರೂಪಿಸಿದ ಮನಸ್ಸಿನ ವಿಸ್ತಾರಕ್ಕೆ ತಲೆದೂಗಲೇಬೇಕು. ಆದರೆ ಅದರೊಳಗಿನ ಕೊರತೆಯನ್ನೂ ಗಮನಿಸಬೇಕು. ಮೈಸೂರಿಗೆ ಏನು ಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಉಸ್ಮಾನಿಯರಿಗೆ ಆ ಗಳಿಗೆಯಲ್ಲಿ ಏನು ಬೇಕಾಗಿತ್ತು, ಏನು ಕೊಡುವ ಶಕ್ತಿ ಅವರಲ್ಲಿ ಉಳಿದಿತ್ತು ಎಂಬ ಲೆಕ್ಕ ಅದರಲ್ಲಿ ಅಷ್ಟು ಸ್ಪಷ್ಟವಾಗಿಲ್ಲ.

1786ರ ಮಾರ್ಚ್ ತಿಂಗಳಲ್ಲಿ ನಿಯೋಗವು ಉತ್ತರ ಕನ್ನಡದ ತದಡಿಯಿಂದ ಹೊರಟಿತು. ಅಘನಾಶಿನಿ ನದಿ ಕಡಲನ್ನು ಸೇರುವ ಈ ಬಂದರು ಇಂದು ಮೀನುಗಾರರ ದೋಣಿಗಳ ತಾಣ. ಕುಮಟಾದಿಂದ ಗೋಕರ್ಣದ ಕಡೆಗೆ ಹೋಗುವವರು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ; ಒಮ್ಮೆ ಇಲ್ಲಿಂದ ಇಸ್ತಾಂಬುಲಿಗೆ ರಾಯಭಾರ ಹೊರಟಿತ್ತೆಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ಘುರಾಬೆ ಸೂರತಿ, ಫಖ್ರುಲ್ ಮರಾಕಿಬ್, ಫತಹೆ ಶಾಹಿ ಮುಅಝ್ಝಿ, ನಬಿ ಬಖ್ಶ್ ಎಂಬ ನಾಲ್ಕು ಹಡಗುಗಳಲ್ಲಿ ಸುಮಾರು 900 ಮಂದಿ ಹೊರಟಿದ್ದರು. ರಾಯಭಾರಿಗಳಲ್ಲದೆ ಕಾರಕೂನರು, ಸಿಪಾಯಿಗಳು, ನಾವಿಕರು, ಅಡಿಗೆಯವರು, ಆಳುಗಳು ಅವರಲ್ಲಿದ್ದರು. ದಾರಿಯ ಖರ್ಚನ್ನು ಮಾರಾಟದಿಂದಲೇ ಸರಿದೂಗಿಸಬೇಕೆಂದು ಗಂಧ, ಕಾಳುಮೆಣಸು, ಏಲಕ್ಕಿ, ಬಟ್ಟೆಗಳನ್ನು ತುಂಬಲಾಗಿತ್ತು. ಕಾಣಿಕೆಗೆಂದು ಆನೆಗಳೂ ಇದ್ದವು.

ಮಸ್ಕತ್, ಬುಶಹರ್, ಬಸ್ರಾ, ಬಗ್ದಾದ್ ಮಾರ್ಗವಾಗಿ ಸಾಗಿದ ಆ ಪಯಣ ಮೊದಲಿನಿಂದಲೇ ಸಂಕಟಗಳ ಸರಮಾಲೆಯಾಯಿತು. ಬಿರುಗಾಳಿ, ಸೋರುವ ಹಡಗು, ಬೆಂಕಿಗೆ ಆಹುತಿಯಾದ ಹಡಗು, ಜ್ವರ, ಭೇದಿ, ಎಲ್ಲವೂ ಎದುರಾದವು. ಆನೆಗಳಲ್ಲಿ ಒಂದೂ ಖಲೀಫರ ಅಂಗಳವನ್ನು ತಲುಪಲಿಲ್ಲ. ಬಸ್ರಾ ಸೀಮೆಯಲ್ಲಿ ಅರಬ್ ಬುಡಕಟ್ಟುಗಳ ದಂಗೆಯಲ್ಲಿ ಮುಳುಗಿದ್ದ ಬಗ್ದಾದಿನ ಪಾಶಾ ಸುಲೈಮಾನರ ಅನುಮತಿಗಾಗಿ ರಾಯಭಾರಿಗಳು ತಿಂಗಳುಗಟ್ಟಲೆ ಕಾಯಬೇಕಾಯಿತು. ಹೀಗೆ ತದಡಿಯನ್ನು ಬಿಟ್ಟು ಒಂದೂವರೆ ವರ್ಷದ ಬಳಿಕ, 1787ರ ಉತ್ತರಾರ್ಧದಲ್ಲಿ ಅವರು ಇಸ್ತಾಂಬುಲನ್ನು ಪ್ರವೇಶಿಸಿದರು.

ಅವರು ಪ್ರವೇಶಿಸಿದ್ದು ಎಂಥ ಗಳಿಗೆಯಲ್ಲಿ ಎಂಬುದೇ ಈ ಕಥೆಯ ತಿರುಳು.

ಅದೇ 1787ರ ಆಗಸ್ಟಿನಲ್ಲಿ ಉಸ್ಮಾನಿಯರು ರಷ್ಯಾದ ಮೇಲೆ ಯುದ್ಧ ಸಾರಿದ್ದರು. 1783ರಲ್ಲಿ ಕ್ರಿಮಿಯಾವನ್ನು ರಷ್ಯಾದ ರಾಣಿ ಕ್ಯಾಥರೀನ್ ಕಬಳಿಸಿದ್ದಳು. ಮುಸ್ಲಿಮರೇ ವಾಸಿಸುತ್ತಿದ್ದ ಆ ನಾಡು ಕೈಬಿಟ್ಟುಹೋದದ್ದು ಇಸ್ತಾಂಬುಲಿಗೆ ಮಾಯದ ಗಾಯವಾಗಿತ್ತು. ಮರುವರ್ಷ ಆಸ್ಟ್ರಿಯಾವೂ ರಷ್ಯಾದ ಪಕ್ಷ ಸೇರಿ ಎರಡನೆಯ ರಣರಂಗವನ್ನು ತೆರೆಯಿತು. ಖಜಾನೆ ಬರಿದಾಗಿತ್ತು, ಸೈನ್ಯ ಶಿಥಿಲವಾಗಿತ್ತು. ಇಂತಹ ಹೊತ್ತಿನಲ್ಲಿ ಸುಲ್ತಾನ್ ಮೊದಲನೆಯ ಅಬ್ದುಲ್ ಹಮೀದರಿಗೆ ಯುರೋಪಿನಲ್ಲಿ ಬ್ರಿಟನ್ನಿನ ಸದ್ಭಾವನೆ ಬೇಕಾಗಿತ್ತು. ಬ್ರಿಟನ್ ಸಹಾಯಕ್ಕೆ ಬಾರದಿದ್ದರೂ ವೈರಿಗಳ ಪಾಳೆಯವನ್ನು ಸೇರದಿದ್ದರೆ ಸಾಕಿತ್ತು. ಆ ನಗರದಲ್ಲಿ ಬ್ರಿಟಿಷ್ ರಾಯಭಾರಿಯಾಗಿ ದಶಕದಿಂದ ನೆಲೆಸಿದ್ದ ಸರ್ ರಾಬರ್ಟ್ ಐನ್ಸ್ಲಿ ಮೈಸೂರಿನವರ ಚಲನವಲನಗಳ ಮೇಲೆ ಕಣ್ಣಿಟ್ಟಿದ್ದ.

ಹೀಗಿರುವಾಗ ಸಾವಿರಾರು ಮೈಲಿ ದೂರದಿಂದ ಬಂದ ಸಹೋದರರು ದರ್ಬಾರಿನಲ್ಲಿ ನಿಂತು, ಬ್ರಿಟಿಷರ ವಿರುದ್ಧ ನಮಗೆ ನೆರವು ನೀಡಿ, ಬಸ್ರಾವನ್ನು ನಮಗೆ ಬಿಟ್ಟುಕೊಡಿ ಎಂದು ಬಿನ್ನವಿಸಿದಾಗ ಏನು ಉತ್ತರ ದೊರೆಯಬಹುದಿತ್ತು? ದೊರೆತದ್ದು ಆದರ, ಔತಣ, ಖಿಲಅತ್ತುಗಳು, ಸೌಜನ್ಯದ ಪತ್ರಗಳು. ಸೇನಾ ಮೈತ್ರಿ ದೊರೆಯಲಿಲ್ಲ. ಬಸ್ರಾ ದೊರೆಯಲಿಲ್ಲ. ನಜಫಿನ ಕಾಲುವೆಯ ಬಿನ್ನಹವೂ ಫಲಿಸಲಿಲ್ಲ. ಅಂಗೀಕಾರದ ಗೌರವವೊಂದು ಮಾತ್ರ ಆ ಪತ್ರಗಳ ಮೂಲಕ ಸುಲ್ತಾನರಿಗೆ ಸಂದಿತು. ಖಲೀಫರು ನಿರ್ದಯರಾಗಿದ್ದರೆಂದಲ್ಲ; ತನ್ನ ಮನೆಗೇ ಬೆಂಕಿ ಬಿದ್ದವನು ನೆರೆಯವನ ಬಾವಿಯಿಂದ ನೀರು ತರುತ್ತಿರುವಾಗ ಆ ನೆರೆಯವನೊಡನೆ ಜಗಳಕ್ಕೆ ನಿಲ್ಲಲಾರ.

ನಿಯೋಗವು ಪ್ಯಾರಿಸಿಗಾಗಲಿ ಲಂಡನಿಗಾಗಲಿ ಮುಂದುವರಿಯಲಿಲ್ಲ. ಅಷ್ಟರಲ್ಲಿ ಟಿಪ್ಪು ಸುಲ್ತಾನರು ಫ್ರಾನ್ಸಿಗೆ ಬೇರೊಂದು ರಾಯಭಾರವನ್ನೇ ಕಳುಹಿಸಿದ್ದರು. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು 1787ರಲ್ಲಿ ಪುದುಚೇರಿಯಿಂದ ಹೊರಟು, 1788ರ ಆಗಸ್ಟ್ 10ರಂದು ವರ್ಸೇಯ್ಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯ ಎದುರು ನಿಂತರು. ಅಲ್ಲಿಯೂ ಅದೇ ಕಥೆ. ಫ್ರಾನ್ಸಿನ ಬೊಕ್ಕಸ ದಿವಾಳಿಯ ಅಂಚಿನಲ್ಲಿತ್ತು. ಮರುವರ್ಷವೇ ಕ್ರಾಂತಿ ಭುಗಿಲೆದ್ದಿತು. ರಾಯಭಾರಿಗಳಿಗೆ ಕೆಲವು ಕುಶಲಕರ್ಮಿಗಳು ದೊರೆತರು, ಮೈತ್ರಿ ದೊರೆಯಲಿಲ್ಲ.

ಗುಲಾಮ್ ಅಲಿ ಖಾನರ ನಿಯೋಗದಲ್ಲಿ ಬದುಕುಳಿದವರು ಈಜಿಪ್ತಿನ ಮಾರ್ಗವಾಗಿ ಹಿಜಾಝನ್ನು ತಲುಪಿ, ಹಜ್ಜ್ ನೆರವೇರಿಸಿ, 1789ರ ಕೊನೆಯಲ್ಲಿ ಮಲಬಾರ್ ತೀರಕ್ಕೆ ಮರಳಿದರು. ತದಡಿಯಲ್ಲಿ ಹಡಗು ಹತ್ತಿದ್ದ ಆ 900 ಮಂದಿಯಲ್ಲಿ ಮರಳಿದವರು ಬೆರಳೆಣಿಕೆಯಷ್ಟು ಜನ ಮಾತ್ರ. ಉಳಿದವರು ಕಡಲಿನಲ್ಲಿ, ಇರಾಕಿನ ಮರಳಿನಲ್ಲಿ, ಇಸ್ತಾಂಬುಲಿನ ಚಳಿ ಮತ್ತು ಪಿಡುಗಿನಲ್ಲಿ ಪ್ರಾಣಬಿಟ್ಟಿದ್ದರು. ಅರಸರ ಹೆಸರು ನಮಗೆ ಗೊತ್ತಿದೆ. ನಾಲ್ವರು ರಾಯಭಾರಿಗಳ ಹೆಸರೂ ಗೊತ್ತಿದೆ. ಆ ಅಡಿಗೆಯವರ, ನಾವಿಕರ, ಆಳುಗಳ ಹೆಸರು ಹೇಳುವವರಿಲ್ಲ. ಅವರಿಗಾಗಿ ಕಾದು ಕುಳಿತ ಮನೆಗಳು ಈ ನಾಡಿನಲ್ಲಿಯೇ ಇದ್ದವು. ರಾಯಭಾರದ ಗುರಿಯನ್ನು ತೂಗುವಾಗ ಈ ಬೆಲೆಯನ್ನೂ ತಕ್ಕಡಿಯಲ್ಲಿ ಇಡುವುದು ನ್ಯಾಯ.

ಹಾಗಾದರೆ ಟಿಪ್ಪು ಸುಲ್ತಾನರ ವಿದೇಶ ನೀತಿಯೇ ವ್ಯರ್ಥವಾಗಿತ್ತೇ? ಇಲ್ಲ. ಇದೇ ಕಡಲಿನಲ್ಲಿ, ಇಸ್ತಾಂಬುಲಿಗಿಂತ ಎಷ್ಟೋ ಹತ್ತಿರದಲ್ಲಿ, ಸದ್ದಿಲ್ಲದೆ ಫಲಿಸಿದ ಸಂಬಂಧವೊಂದಿತ್ತು. ಅದು ಮಸ್ಕತ್ತಿನ ಸಂಬಂಧ. ಮಸ್ಕತ್ತಿಗೆ ಅನ್ನ ಬೇಕಾಗಿತ್ತು. ಮಂಗಳೂರಿನ ಅಕ್ಕಿ ಆ ಮರಳುನಾಡಿನ ಹೊಟ್ಟೆ ತುಂಬಿಸುತ್ತಿತ್ತು. ಮೈಸೂರಿಗೆ ಕುದುರೆ ಬೇಕಾಗಿತ್ತು, ಗಂಧಕ ಬೇಕಾಗಿತ್ತು, ಗಂಧ ಮತ್ತು ಮೆಣಸಿಗೆ ಮಾರುಕಟ್ಟೆ ಬೇಕಾಗಿತ್ತು. ಮಸ್ಕತ್ತಿನಲ್ಲಿ ಮೈಸೂರಿನ ಕೋಠಿ ನೆಲೆಯೂರಿತು. ಮೈಸೂರಿನ ಸರಕಿಗೆ ಅಲ್ಲಿ ಸುಂಕದ ರಿಯಾಯಿತಿಯೂ ದೊರೆಯಿತು. ಅಲ್ಲಿನ ವ್ಯವಹಾರದಲ್ಲಿ ಮಾವ್ಜಿ ಸೇಠ್ ಎಂಬ ಹಿಂದೂ ವರ್ತಕರು ಸುಲ್ತಾನರ ವಿಶ್ವಾಸಕ್ಕೆ ಪಾತ್ರರಾಗಿದ್ದರು. ಕೋಠಿಯ ದರೋಗ ಮೀರ್ ಕಾಝಿಮರಿಗೆ ಸುಲ್ತಾನರು ಬರೆದ ಪತ್ರಗಳಲ್ಲಿ ರೇಷ್ಮೆ ಹುಳುಗಳನ್ನೂ ಅವನ್ನು ಸಾಕಬಲ್ಲವರನ್ನೂ ಕಳುಹಿಸಬೇಕೆಂಬ ಆಜ್ಞೆಗಳಿವೆ. ಖರ್ಜೂರದ ಸಸಿಗಳ ಮಾತಿದೆ.

ಮಸ್ಕತ್ತಿನ ಸಂಬಂಧ ಉಳಿದದ್ದು ಏಕೆ, ಇಸ್ತಾಂಬುಲಿನ ಮೈತ್ರಿ ಕೂಡಿಬಾರದ್ದು ಏಕೆ? ಮಸ್ಕತ್ತಿನಲ್ಲಿ ಎರಡೂ ಕಡೆಯವರ ಅಗತ್ಯಗಳು ಒಂದಕ್ಕೊಂದು ಹೊಂದಿಕೊಂಡವು. ಕೇಳಿದ್ದನ್ನು ಕೊಡುವ ಶಕ್ತಿ ಇಬ್ಬರಿಗೂ ಇತ್ತು. ಇಸ್ತಾಂಬುಲಿನಲ್ಲಿ ಪ್ರೀತಿಯಿತ್ತು, ಗೌರವವಿತ್ತು, ಒಂದೇ ಖಿಬ್ಲಾ ಇತ್ತು. ಆದರೆ ಕೇಳಿದ್ದನ್ನು ಕೊಡುವ ಸ್ಥಿತಿ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾಗುತ್ತದೆ. ನಮ್ಮ ರಾಯಭಾರಿಗಳು ತದಡಿಯಲ್ಲಿ ಹಡಗು ಹತ್ತಿದ ಅದೇ 1786ರಲ್ಲಿ ಇಂಗ್ಲಿಷ್ ಕಂಪೆನಿಯ ಪ್ರತಿನಿಧಿ ಚಾರ್ಲ್ಸ್ ಮ್ಯಾಲೆಟ್ ಪುಣೆಯ ದರ್ಬಾರನ್ನು ತಲುಪಿದ. 1788ರಲ್ಲಿ ಜಾನ್ ಕೆನವೇ ಹೈದರಾಬಾದಿಗೆ ಹೋದ. ಅವರ ಗುರಿ ದೂರದ್ದಾಗಿರಲಿಲ್ಲ. ಮೈಸೂರಿನ ನೆರೆಹೊರೆಯವರ ಮನವನ್ನು ಗೆಲ್ಲುವುದಷ್ಟೇ ಆಗಿತ್ತು. ಆ ಅವಧಿಯಲ್ಲಿಯೇ ಮೈಸೂರು ಮರಾಠರೊಡನೆ ಮತ್ತು ನಿಜಾಮರೊಡನೆ ಯುದ್ಧದಲ್ಲಿ ತೊಡಗಿತ್ತು. 1787ರಲ್ಲಿ ಸಂಧಿಯಾದರೂ ಮನಸ್ಸುಗಳು ಕೂಡಲಿಲ್ಲ. ಟಿಪ್ಪು ನಿಜಾಮರೊಡನೆ ಸಂಬಂಧ ಬೆಸೆಯಲು ಯತ್ನಿಸದೆ ಇರಲಿಲ್ಲ. ಆದರೆ ಹಳೆಯ ವೈಮನಸ್ಸೇ ಮೇಲುಗೈ ಪಡೆಯಿತು. 1790ರಲ್ಲಿ ಕಾರ್ನ್‌ವಾಲಿಸ್ ಪೇಶ್ವೆಗಳನ್ನೂ ನಿಜಾಮರನ್ನೂ ಒಪ್ಪಂದಗಳಿಂದ ಕಟ್ಟಿಕೊಂಡ. 1792ರಲ್ಲಿ ಶ್ರೀರಂಗಪಟ್ಟಣದ ಸಂಧಿಯಾದಾಗ ಮೈಸೂರು ತನ್ನ ರಾಜ್ಯದ ಅರ್ಧಭಾಗವನ್ನು ಕಳೆದುಕೊಂಡಿತು. 3 ಕೋಟಿ 30 ಲಕ್ಷ ರೂಪಾಯಿಗಳ ದಂಡವನ್ನು ಹೊತ್ತುಕೊಂಡಿತು. ಸುಲ್ತಾನರ ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾಗಿ ಹೋದರು. ಖಲೀಫರ ಸೈನ್ಯ ಬಾರದಿದ್ದುದರಿಂದ ಮೈಸೂರು ಸೋತಿತೆನ್ನುವುದಕ್ಕಿಂತ, ನೆರೆಯವರು ಮೂವರೂ ಒಂದಾದದ್ದರಿಂದ ಸೋತಿತೆನ್ನುವುದು ಸತ್ಯಕ್ಕೆ ಹತ್ತಿರ.

ಕೊನೆಗೂ ಇಸ್ತಾಂಬುಲಿನಿಂದ ಒಂದು ಪತ್ರ ಬಂತು. ಬಂದ ಬಗೆಯೇ ಮನಕಲಕುವಂಥದ್ದು. 1798ರಲ್ಲಿ ನೆಪೋಲಿಯನ್ ಈಜಿಪ್ತಿನ ಮೇಲೆ ದಾಳಿ ಮಾಡಿದಾಗ ಉಸ್ಮಾನಿಯರು ಬ್ರಿಟನ್ನಿನ ಮಿತ್ರರಾದರು. ಆಗ ಗದ್ದುಗೆಯಲ್ಲಿದ್ದವರು ಮೂರನೆಯ ಸಲೀಮರು. ಫ್ರೆಂಚರನ್ನು ನಂಬಬೇಡಿ, ಅವರ ಪ್ರೇರಣೆಯಿಂದ ಇಂಗ್ಲಿಷರೊಡನೆ ಹಗೆ ಸಾಧಿಸಬೇಡಿ, ನಿಮ್ಮ ದೂರುಗಳಿದ್ದರೆ ನಾನು ಮಧ್ಯಸ್ಥಿಕೆ ವಹಿಸುತ್ತೇನೆ ಎಂಬ ಆಶಯದ ಪತ್ರವನ್ನು ಅವರು ಟಿಪ್ಪು ಸುಲ್ತಾನರಿಗೆ ಬರೆದರು. ಆ ಪತ್ರವನ್ನು 1799ರ ಜನವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ರವಾನಿಸಿದವನು ಬೇರಾರೂ ಅಲ್ಲ, ಗವರ್ನರ್ ಜನರಲ್ ವೆಲ್ಲೆಸ್ಲಿ. ಟಿಪ್ಪು ವಿನಯದಿಂದಲೇ ಉತ್ತರ ಬರೆದರು. ಇಂಗ್ಲಿಷರ ಅನ್ಯಾಯಗಳನ್ನು ನಿವೇದಿಸಿದರು. ಆದರೆ ಫೆಬ್ರವರಿಯಲ್ಲಿಯೇ ಜನರಲ್ ಹ್ಯಾರಿಸನ ಸೇನೆ ವೆಲ್ಲೂರಿನಿಂದ ಹೊರಟಿತ್ತು. ಮೇ 4ರಂದು ಸುಲ್ತಾನರು ಕೋಟೆಯಲ್ಲಿ ಹೋರಾಡುತ್ತಲೇ ಹುತಾತ್ಮರಾದರು.

ನಮ್ಮ ಪರಂಪರೆಯಲ್ಲಿ ರಾಯಭಾರದ ಪಾಠ ಹೊಸದಲ್ಲ. ಮಕ್ಕಾದ ಹಿಂಸೆಯಿಂದ ಪಾರಾಗಿ ಅಬಿಸೀನಿಯಾಕ್ಕೆ ಹೋದವರ ಪರವಾಗಿ ಜಾಫರ್ ಬಿನ್ ಅಬೀ ತಾಲಿಬ್(ರ) ನಜಾಶಿ ದೊರೆಯ ಎದುರು ಮಾತನಾಡಿದರು. ಅವರು ಆ ದೊರೆಯಲ್ಲಿ ಸೈನ್ಯ ಕೇಳಲಿಲ್ಲ, ನೆಲ ಕೇಳಲಿಲ್ಲ. ನ್ಯಾಯವನ್ನೂ ಆಸರೆಯನ್ನೂ ಕೇಳಿದರು. ನ್ಯಾಯವಂತನೆಂದು ಹೆಸರಾಗಿದ್ದ ಆ ಕ್ರೈಸ್ತ ದೊರೆ ಕೊಡಬಹುದಾಗಿದ್ದುದೂ ಅದನ್ನೇ. ಹುದೈಬಿಯಾದಲ್ಲಿ ಮಕ್ಕಾದವರೊಡನೆ ಮಾತುಕತೆಗೆ ಉಮರ್(ರ)ರ ಬದಲು ಉಸ್ಮಾನ್(ರ)ರನ್ನು ಪ್ರವಾದಿಯವರು(ಸ) ಕಳುಹಿಸಿದರು. ಏಕೆಂದರೆ ಅಲ್ಲಿ ಅವರಿಗೆ ಬಂಧುಗಳ ಬಲವಿತ್ತು. ಯಾರಲ್ಲಿಗೆ ಹೋಗುತ್ತಿದ್ದೇವೆ, ಅವರ ಸ್ಥಿತಿ ಏನು, ಅವರಿಂದ ಏನಾದೀತು ಎಂಬುದನ್ನು ಅರಿತು ಗುರಿಯನ್ನು ಗೊತ್ತುಮಾಡುವುದು ದುರ್ಬಲತೆಯಲ್ಲ, ವಿವೇಕ.

ಇಷ್ಟು ಹೇಳಿದ್ದು ಟಿಪ್ಪು ಸುಲ್ತಾನರ ಗೌರವವನ್ನು ಕುಂದಿಸಲಿಕ್ಕಲ್ಲ. ಹದಿನೆಂಟನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದಲ್ಲಿ ಕುಳಿತು ಬಸ್ರಾ, ಇಸ್ತಾಂಬುಲ್, ಪ್ಯಾರಿಸ್‌ಗಳನ್ನು ಒಂದೇ ನಕ್ಷೆಯಲ್ಲಿ ಕಂಡ ಅರಸರು ಅವರು. ಅವರ ದೂರದೃಷ್ಟಿಯನ್ನು ಮೆಚ್ಚುತ್ತಲೇ, ಆ ದೃಷ್ಟಿಗೆ ಸಿಗದೆ ಹೋದುದನ್ನೂ ಮಕ್ಕಳಿಗೆ ಹೇಳುವುದು ನಮ್ಮ ಮೇಲಿರುವ ಅಮಾನತ್ತು. ದೂರದ ಸಹೋದರನಿಗಾಗಿ ಹೃದಯದಲ್ಲಿ ಸ್ಥಳವಿರಲಿ. ಆದರೆ ನೆರೆಮನೆಯವನೊಡನೆ ಮಾತು ಬಿಟ್ಟು ದೂರದವನ ದಾರಿ ಕಾಯಬಾರದು. ಸಂಕಟದ ರಾತ್ರಿಯಲ್ಲಿ ಮೊದಲು ಬಾಗಿಲು ತಟ್ಟುವುದು ನೆರೆಮನೆಯವನೇ, ಮಿತ್ರನಾಗಿಯಾಗಲಿ ವೈರಿಯಾಗಿಯಾಗಲಿ.

ಆ ಹುಡುಗನಿಗೆ ಈಗ ಹೀಗೆ ಹೇಳಬಯಸುತ್ತೇನೆ: ಮಗನೇ, ತುರ್ಕಿ ದೂರವಾಗಿತ್ತು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಅವರ ಮನೆಗೂ ಬೆಂಕಿ ಬಿದ್ದಿತ್ತು. ನಾವು ನಮ್ಮ ಬೆಂಕಿಯ ಮಾತನ್ನು ಮಾತ್ರ ಹೊತ್ತು ಹೋಗಿದ್ದೆವು. ತದಡಿಯಿಂದ ಹೊರಟು ಮರಳದೆ ಹೋದ ಆ ನೂರಾರು ಹೆಸರಿಲ್ಲದ ಜೀವಗಳಿಗೆ ಅಲ್ಲಾಹನು ಮಗ್ಫಿರತ್ ನೀಡಲಿ. ಅವರು ತೆತ್ತ ಬೆಲೆಯಿಂದ ಕಲಿಯುವ ವಿವೇಕವನ್ನು ನಮಗೆ ಕರುಣಿಸಲಿ. ಆಮೀನ್.